ಸೂಜಿ ಹೆಚ್ಚಿತು

ಕ್ಷಯದಿಂದ ಎದ್ದು ಬಂದವರು ಬರೆದದ್ದನ್ನು ಅಲ್ಲಲ್ಲಿ ಓದಿದ್ದೇನೆ. ಎಲ್ಲರೂ ತಮ್ಮ ಧೈರ್ಯವನ್ನೇ ಬರೆಯುತ್ತಾರೆ. ಮಂಚದ ಮೇಲೆ ಮಲಗಿ ಸೂರು ನೋಡುತ್ತಾ ಬದುಕಿನ ಬೆಲೆ ತಿಳಿಯಿತು ಎನ್ನುತ್ತಾರೆ. ನಾನು ಮೈಸೂರಿನ ಆಸ್ಪತ್ರೆಯಲ್ಲಿ ಆರು ತಿಂಗಳು ಮಲಗಿದ್ದೆ. ನನಗೆ ತಿಳಿದದ್ದು ನನ್ನೊಳಗೆ ಎಷ್ಟು ಹೊಟ್ಟೆಕಿಚ್ಚಿದೆ ಎಂಬುದು. ಇದನ್ನು ಬರೆಯುತ್ತಿರುವುದು ಈಗಲೂ ಯಾವುದೋ ವಾರ್ಡಿನಲ್ಲಿ ಪಕ್ಕದ ಮಂಚದವರ ತೂಕದ ಚೀಟಿಯನ್ನು ಕದ್ದು ನೋಡುತ್ತಿರುವವರಿಗಾಗಿ. ನೀವೊಬ್ಬರೇ ಅಲ್ಲ.

ನಾನು ನಮ್ಮ ಮನೆಯಲ್ಲಿ ಮೊದಲು ಬಿ.ಎ. ಮಾಡಿದವಳು. ಮನೆಯಲ್ಲೇನು, ಹುಣಸೂರಿನಾಚೆಯ ನಮ್ಮೂರಿನಲ್ಲೇ ಹತ್ತನೆಯ ತರಗತಿ ದಾಟಿದ ಮೊದಲ ಹೆಣ್ಣು. ನಮ್ಮಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕುವ ಕೆಲಸದವನು. ಸೊಪ್ಪು ಬೇಯುವಷ್ಟು ದಿನ ಬ್ಯಾರನ್ನಿನ ಬಾಯಿ ಬಿಟ್ಟು ಏಳುವಂತಿಲ್ಲ. ನಾನು ಅವನ ಪಕ್ಕದಲ್ಲಿ ಕೂತು ಆ ಬೆಂಕಿಯ ಬೆಳಕಿನಲ್ಲೇ ಓದಿದವಳು. ಮೊದಲು ಬರುವುದು ನನಗೆ ಚಟವಾಗಿತ್ತು. ಶಾಲೆಯಲ್ಲಿ ಮೊದಲು, ಹಾಸ್ಟೆಲ್ಲಿನಲ್ಲಿ ಎದ್ದು ಸ್ನಾನ ಮಾಡುವುದರಲ್ಲಿ ಮೊದಲು, ಊರಿಗೆ ಕೈಗಡಿಯಾರ ಕಟ್ಟಿಕೊಂಡು ಬಂದ ಹೆಂಗಸರಲ್ಲಿ ಮೊದಲು. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದಾಗ ಅಪ್ಪ ನನ್ನ ಹೆಸರಿನ ಮುಂದೆ ಬಿ.ಎ. ಸೇರಿಸಿ ಬೀದಿಯಲ್ಲಿ ಕರೆದುಕೊಂಡು ಹೋದ. ಓದು ಬರಹ ಇಲ್ಲದ ಅವನಿಗೆ ಬರುತ್ತಿದ್ದ ಅಕ್ಷರಗಳು ಅವೆರಡೇ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕೆಮ್ಮು ಶುರುವಾಯಿತು. ಸೀಮೆಸುಣ್ಣದ ಪುಡಿ ಅಂದುಕೊಂಡೆ. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿತ್ತು, ರವಿಕೆ ಸಡಿಲವಾಗುತ್ತಾ ಹೋಯಿತು. ಒಂದು ದಿನ ಹಾಜರಿ ಕೂಗುತ್ತಿರುವಾಗ ಕೆಮ್ಮು ಬಂದು ಕರವಸ್ತ್ರ ಹಿಡಿದೆ. ತೆಗೆದಾಗ ಅದರಲ್ಲಿ ಕುಂಕುಮದ ಗಾತ್ರದ ಕೆಂಪು. ಕರವಸ್ತ್ರ ಮಡಿಚಿಟ್ಟುಕೊಂಡು ಉಳಿದ ಹೆಸರುಗಳನ್ನು ಕೂಗಿ ಮುಗಿಸಿದೆ. ಮುಂದೆ ಕೂತಿದ್ದ ಹುಡುಗಿಯರು ಎಷ್ಟು ಸಲೀಸಾಗಿ ಉಸಿರಾಡುತ್ತಿದ್ದಾರೆ ಎಂದು ಅವತ್ತು ಮೊದಲ ಸಲ ನೋಡಿದೆ. ಹೊಟ್ಟೆ ಉರಿಯಿತು. ಹೆದರಿಕೆ ಬಂದದ್ದು ಆಮೇಲೆ.

ಹುಣಸೂರಿನ ಡಾಕ್ಟರು ಬೆನ್ನಿಗೆ ಕಿವಿಗೊಟ್ಟು ಕೇಳಿ, ಮೈಸೂರಿಗೆ ಚೀಟಿ ಬರೆದುಕೊಟ್ಟರು. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನೂ ಅಪ್ಪನೂ ಅರ್ಧ ದಿನ ಕೂತೆವು. ಪಕ್ಕದಲ್ಲಿದ್ದವರೆಲ್ಲ ಬಾಯಿಗೆ ಸೆರಗು, ಟವೆಲ್ಲು ಅಡ್ಡ ಹಿಡಿದಿದ್ದರು. ನಾನು ಹಿಡಿಯಲಿಲ್ಲ. ನಾನು ಅವರ ಪೈಕಿ ಅಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ಡಾಕ್ಟರು ಫೋಟೋವನ್ನು ದೀಪಕ್ಕೆ ಹಿಡಿದು ಬಲಗಡೆಯ ಮೇಲಿನ ಮೂಲೆ ತೋರಿಸಿದಾಗ ಅಪ್ಪ ಕೇಳಿದ್ದು ಒಂದೇ ಮಾತು.

"ಇದು ಓದಿದ್ದುಕ್ಕೆ ಬಂದದ್ದಾ, ಬುದ್ಧಿ?"

ಅಲ್ಲ ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿದರು. ಅಪ್ಪ ನಂಬಿದನೋ ಇಲ್ಲವೋ. ಊರಿನಲ್ಲಂತೂ ಯಾರೂ ನಂಬಲಿಲ್ಲ. ಹೆಣ್ಣು ಓದಿದರೆ ಎದೆ ಒಣಗುತ್ತದೆ ಎಂದು ನಮ್ಮ ದೊಡ್ಡಮ್ಮ ಮೊದಲೇ ಹೇಳಿದ್ದಳಂತೆ. ಅವ್ವ ನನ್ನ ತಟ್ಟೆ ಲೋಟ ಬೇರೆ ಇಟ್ಟಳು, ಇಡುವಾಗ ಅತ್ತಳು. ಶಾಲೆಯಲ್ಲಿ ನನ್ನ ಜಾಗಕ್ಕೆ ಕೆ.ಆರ್. ನಗರದ ಕಡೆಯ ಒಬ್ಬಳನ್ನು ತಾತ್ಕಾಲಿಕವಾಗಿ ಹಾಕಿಕೊಂಡರು. ಅವಳನ್ನು ನಾನು ಕಂಡವಳಲ್ಲ. ಆದರೆ ನನ್ನ ಕುರ್ಚಿ, ನನ್ನ ಹಾಜರಿ ಪುಸ್ತಕ, ಅವಳ ಎರಡು ಒಳ್ಳೆಯ ಶ್ವಾಸಕೋಶ, ಇವನ್ನು ನೆನೆದು ಎಷ್ಟು ಮಧ್ಯಾಹ್ನ ಕಳೆದೆನೋ.

ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಕೊಟ್ಟರು. ದಿನಕ್ಕೊಂದು ಸೂಜಿ, ಮೂರು ತಿಂಗಳು. ಜೊತೆಗೆ ಮಾತ್ರೆ. ಸೂಜಿ ಮುಗಿದ ಮೇಲೂ ಮನೆಯಲ್ಲಿ ಒಂದೂವರೆ ವರ್ಷ ಮಾತ್ರೆ ನುಂಗಬೇಕು. ಮಾತ್ರೆಯ ಒಗರಿಗೆ ನನಗೆ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಕೇರಳದ ಕಡೆಯ ಏಲಿಯಮ್ಮ ಸಿಸ್ಟರ್ ಮುಚ್ಚಳದ ಸಣ್ಣ ಡಬ್ಬಿಗಳನ್ನು ಹಿಡಿದು ಬರುತ್ತಿದ್ದರು. ಕಫ ಕೊಡಿ, ಎಂಜಲು ಕೊಟ್ಟು ಗೌರ್ಮೆಂಟಿಗೆ ಮೋಸ ಮಾಡಬೇಡಿ ಎಂದು ಪ್ರತಿ ಸಲವೂ ಅದೇ ತಮಾಷೆ. ಆ ಡಬ್ಬಿಯ ಫಲಿತಾಂಶವೇ ನಮ್ಮ ಪರೀಕ್ಷೆ. ಶನಿವಾರ ತೂಕ.

ನಾನು ಸೇರಿದ ಮೂರು ವಾರಕ್ಕೆ ಪಕ್ಕದ ಮಂಚಕ್ಕೆ ಸಣ್ಣಮ್ಮ ಬಂದಳು. ರಾವಂದೂರಿನ ಹತ್ತಿರದ ಹಳ್ಳಿಯವಳು. ನನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ಗಂಡ ಕರಿಯಯ್ಯನೂ ಬ್ಯಾರನ್ನಿನ ಕೆಲಸದವನು, ಇವಳು ಕಡ್ಡಿಗೆ ಸೊಪ್ಪು ಕಟ್ಟುವವಳು. ಅತ್ತೆಯ ಹತ್ತಿರ ಬಿಟ್ಟು ಬಂದ ಒಂದು ಹೆಣ್ಣು ಕೂಸು, ಆಗಿನ್ನೂ ಹೆಜ್ಜೆ ಇಡುತ್ತಿದ್ದದ್ದು. ಹಾಲು ಬಿಡಿಸಿ ಬಂದಿದ್ದಳು. ಮೊದಲ ವಾರ ಎದೆ ಕಟ್ಟಿಕೊಂಡು ನರಳುತ್ತಿದ್ದಳು. ಆದರೂ ಸಿಸ್ಟರ್ ಹೇಗಿದ್ದೀ ಎಂದರೆ, "ಚೆಂದಾಗಿವ್ನಿ ಸಿಸ್ಟ್ರೇ" ಅನ್ನುವವಳು.

ಸಣ್ಣಮ್ಮನ ಬಾಯಲ್ಲಿ ಕೆಟ್ಟ ಮಾತು ಬರುತ್ತಿರಲಿಲ್ಲ. ಕೆಟ್ಟ ಮಾತು ಅಂದರೆ ಬೈಗುಳವಲ್ಲ, ಬೈಗುಳ ಧಾರಾಳವಾಗಿ ಬರುತ್ತಿತ್ತು. ಇಲ್ಲ, ಮುಗಿಯಿತು, ಆರಿತು, ಒಡೆಯಿತು, ಇಂಥವು ಬರುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ಅಕ್ಕಿ ಮುಗಿಯಿತು ಅನ್ನುವುದಿಲ್ಲ, ಅಕ್ಕಿ ಹೆಚ್ಚಿತು ಅನ್ನುತ್ತಾರೆ. ಬಳೆ ಒಡೆಯಿತು ಅನ್ನುವುದಿಲ್ಲ, ಬಳೆ ಹೆಚ್ಚಿತು. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು. ಮನೆ ಬಿಟ್ಟು ಹೊರಡುವವರು ಹೋಗುತ್ತೇನೆ ಅನ್ನಬಾರದು, ಬತ್ತೀನಿ ಅನ್ನಬೇಕು. ನಮ್ಮವ್ವನೂ ಹೀಗೇ. ನಾನು ಹಾಸ್ಟೆಲ್ಲಿಗೆ ಹೋದ ಮೇಲೆ ಇದನ್ನೆಲ್ಲ ಬಿಟ್ಟಿದ್ದೆ. ಬಿಟ್ಟಿದ್ದಕ್ಕೆ ಹೆಮ್ಮೆಯೂ ಇತ್ತು. ಸಣ್ಣಮ್ಮ ಮಾತ್ರ ಇವನ್ನೆಲ್ಲ ಆಸ್ಪತ್ರೆಗೂ ಹೊತ್ತುಕೊಂಡು ಬಂದಿದ್ದಳು. ಸಂಜೆ ಹೊತ್ತು ಅಸ್ತು ದೇವತೆಗಳು ಸೂರಿನ ಮೇಲೆ ಓಡಾಡುತ್ತಿರುತ್ತವಂತೆ, ಏನಂದರೂ ಅಸ್ತು ಅಂದುಬಿಡುತ್ತವಂತೆ. ಅದಕ್ಕೇ ಸಂಜೆ ಜ್ವರ ನೋಡುವ ಹೊತ್ತಿನಲ್ಲಿ ಯಾರಾದರೂ ಅಯ್ಯೋ ಸತ್ತೆ ಅಂದರೆ ತನ್ನ ಮಂಚದಿಂದಲೇ ಗದರುತ್ತಿದ್ದಳು.

ಒಂದು ಸಲ ತಮಾಷೆಗೆ ಕೇಳಿದೆ, ಈ ಆಸ್ಪತ್ರೆ ಬಿಟ್ಟು ಹೋಗುವಾಗಲೂ ಬತ್ತೀನಿ ಅಂತೀಯಾ ಎಂದು. "ಅದ್ನ ಆವತ್ತು ನೋಡ್ಕಂಡ್ರಾಯ್ತು ಬುಡಿ, ಟೀಚರಮ್ಮ" ಅಂದಳು.

ನನ್ನ ಬಳಿಯೂ ಒಂದು ಉಪಾಯವಿತ್ತು, ಓದಿದವರ ಉಪಾಯ. ಕಾಲೇಜಿನಲ್ಲಿ ನನಗೆ ಪಾಠ ಮಾಡಿದ್ದ ಉಪನ್ಯಾಸಕಿಯೊಬ್ಬರು ನೋಡಲು ಬಂದಾಗ ಇಂಗ್ಲಿಷಿನ ಒಂದು ಚಿಕ್ಕ ಪುಸ್ತಕ ಕೊಟ್ಟುಹೋಗಿದ್ದರು. ಒಳ್ಳೆಯ ಮಾತುಗಳನ್ನು ನಮಗೆ ನಾವೇ ದಿನಕ್ಕೆ ಮೂರು ಸಲ ಹೇಳಿಕೊಂಡರೆ ಮನಸ್ಸು ಗಟ್ಟಿಯಾಗಿ ಮೈ ಅದನ್ನು ಹಿಂಬಾಲಿಸುತ್ತದೆ ಎಂಬುದು ಅದರ ತಿರುಳು. ಪಾಸಿಟಿವ್ ಆಗಿರಿ ಎಂದು ಪುಟಪುಟಕ್ಕೂ ಇತ್ತು. ನಮ್ಮ ವಾರ್ಡಿನಲ್ಲಿ ಪಾಸಿಟಿವ್ ಎಂದರೆ ಕಫದಲ್ಲಿ ಕ್ರಿಮಿ ಇದೆ ಎಂದರ್ಥ. ಡಬ್ಬಿಯ ಫಲಿತಾಂಶ ಓದುತ್ತಾ ಸಿಸ್ಟರ್ ಆ ಪದ ಹೇಳಿದರೆ ಹೆಂಗಸರು ಗೋಡೆಗೆ ತಿರುಗಿ ಮಲಗುತ್ತಿದ್ದರು. ನಾನಂತೂ ಎರಡು ಅರ್ಥದಲ್ಲೂ ಪಾಸಿಟಿವ್ ಆಗಿದ್ದೆ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕಿಟಕಿಯ ಗಾಜಿನಲ್ಲಿ ಮುಖ ನೋಡುತ್ತಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೇಳುತ್ತಿದ್ದೆ. ನನಗೆ ರೋಗವಿಲ್ಲ. ನನಗೆ ಭಯವಿಲ್ಲ. ನಾನು ಸೋಲುವುದಿಲ್ಲ. ನನಗೆ ಯಾರ ಮೇಲೂ ಅಸೂಯೆ ಇಲ್ಲ. ಕೊನೆಯದು ಪುಸ್ತಕದಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದೆ.

ಸಣ್ಣಮ್ಮ ಒಂದು ವಾರ ಕೇಳಿಸಿಕೊಂಡಳು. ಎಂಟನೆಯ ದಿನ ಮಂಚದ ಮೇಲೆ ಮೊಣಕೈ ಊರಿ, ನಿಜವಾಗಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

"ಟೀಚರಮ್ಮ, ತಪ್ಪು ತಿಳ್ಕಬ್ಯಾಡಿ. ಮೂರೊತ್ತೂ ಇಲ್ಲ ಇಲ್ಲ ಅಂತೀರಲ್ಲಾ. ಅಂಗಾರೆ ಇರಾದೇನು?"

ಆಚೆ ಮಂಚದ ಮುದುಕಿ ಕೆಮ್ಮು ಬರುವವರೆಗೂ ನಕ್ಕಳು. ನಾನು ನಗಲಿಲ್ಲ. ಇಂಗ್ಲಿಷ್ ಓದಬಲ್ಲವಳಿಗೆ ಸೊಪ್ಪು ಕಟ್ಟುವವಳು ಪಾಠ ಹೇಳುವುದೇ? ಇದು ಮನಶ್ಶಾಸ್ತ್ರ, ನಿನಗೆ ತಿಳಿಯುವುದಲ್ಲ ಅಂದೆ. "ಇದ್ದಾತು ಬುಡಿ" ಎಂದು ಮಲಗಿದಳು. ಅವತ್ತಿನಿಂದ ಸ್ವರ ತಗ್ಗಿಸಿ ಹೇಳತೊಡಗಿದೆ, ಸಾಲುಗಳನ್ನು ಮಾತ್ರ ಬದಲಾಯಿಸಲಿಲ್ಲ.

ಆಮೇಲೆ ಅವಳ ತೂಕ ಏರತೊಡಗಿತು. ಕೊಟ್ಟ ಮೊಟ್ಟೆ ತಿಂದು, ನಾನು ಬಿಟ್ಟ ಮೊಟ್ಟೆಯನ್ನೂ ಕೇಳಿ ತಿನ್ನುತ್ತಿದ್ದಳು. ಶನಿವಾರ ತಕ್ಕಡಿಯಿಂದ ಇಳಿದು ಬರುವಾಗ ಸಿಸ್ಟರ್ ಅವಳ ಕೆನ್ನೆ ಚಿವುಟುತ್ತಿದ್ದರು. ನನ್ನ ಕೆನ್ನೆ ಚಿವುಟುವಂತೆ ಇರಲಿಲ್ಲ. ಅವಳ ಚೀಟಿ ಮಂಚದ ತಲೆಗಡೆ ನೇತಾಡುತ್ತಿತ್ತು. ಅವಳು ನೀರಿಗೆ ಹೋದಾಗ ಬಗ್ಗಿ ಓದುತ್ತಿದ್ದೆ. ಅವಳಿಗೆ ಅದನ್ನು ಓದಲು ಬಾರದು, ನನಗೆ ಬರುತ್ತಿತ್ತು. ಓದು ನನಗೆ ಕೊಟ್ಟ ಹೆಚ್ಚಿನ ಸಂಕಟ ಅದು. ಎರಡು ಭಾನುವಾರಕ್ಕೊಮ್ಮೆ ಕರಿಯಯ್ಯ ಬಸ್ಸು ಹಿಡಿದು ಬಂದು, ಆಸ್ಪತ್ರೆಯ ಬೇಲಿಯ ಹತ್ತಿರ ಕೂತು, ಕೂಸು ಏನೇನು ಮಾತು ಕಲಿಯಿತು ಎಂದು ಒಂದೊಂದೇ ಹೇಳುತ್ತಿದ್ದ. ನನ್ನನ್ನು ಹಾಗೆ ನೋಡಲು ಬರುವ ಗಂಡಸು ನಮ್ಮಪ್ಪನೊಬ್ಬ, ಅವನೂ ತಿಂಗಳಿಗೊಮ್ಮೆ. ಅವರಿಬ್ಬರ ನಗು ಕೇಳದಿರಲೆಂದು ದಿಂಬಿನ ಕೆಳಗೆ ತಲೆ ಇಡುತ್ತಿದ್ದೆ. ದಿಂಬಿನ ಕೆಳಗೂ ಸಂಜೆ ಹೊತ್ತಿಗೆ ಸರಿಯಾಗಿ ನಾಲ್ಕನೆಯ ಸಾಲು ಹೇಳಿಕೊಳ್ಳುತ್ತಿದ್ದೆ.

ಮೂರನೆಯ ತಿಂಗಳು ಸಣ್ಣಮ್ಮನ ಕಫ ಶುದ್ಧವಾಯಿತು. ನನಗಿಂತ ಹಿಂದೆ ಬಂದವಳು, ನನಗಿಂತ ಮುಂದೆ. ಸಿಸ್ಟರ್ ಬಂದು ನಿನಗೆ ಇಲ್ಲ, ಕ್ರಿಮಿ ಇಲ್ಲ ಎಂದರು. ಸಣ್ಣಮ್ಮ ಗಾಬರಿಯಾಗಿ, ಇಲ್ಲ ಅನ್ನಬ್ಯಾಡಿ ಸಿಸ್ಟ್ರೇ, ಚೊಕ್ಕಟಾಗಿ ಅದೆ ಅನ್ನಿ ಎಂದು ಅವರಿಂದ ಹಾಗೇ ಹೇಳಿಸಿದಳು. ಆಮೇಲೆ ಸಿಸ್ಟರ್ ನನ್ನ ಕಡೆ ತಿರುಗಿ ಮೆಲ್ಲಗೆ ನನ್ನದನ್ನು ಹೇಳಿದರು. ಪಾಸಿಟಿವ್. ಆಗಲೇ ಮೂರು ತಿಂಗಳು ದಾಟಿದ್ದ ನನ್ನ ಸೂಜಿಯನ್ನು ಇನ್ನೊಂದು ತಿಂಗಳು ಮುಂದುವರಿಸಬೇಕು ಎಂದು ಡಾಕ್ಟರು ಬರೆದರು.

ಅದೇ ವಾರ ಸಣ್ಣಮ್ಮನ ಕೊನೆಯ ಸೂಜಿಯಾಯಿತು. ಇನ್ನು ಮನೆಗೆ ಹೋಗಬಹುದು, ಯಾರಾದರೂ ಬಂದು ಮಾತ್ರೆಯ ಲೆಕ್ಕ ತಿಳಿದುಕೊಂಡು ಕರೆದುಕೊಂಡು ಹೋಗಲಿ ಎಂದರು. ಅವಳು ಕಾರ್ಡು ಹಿಡಿದು ನನ್ನ ಮಂಚಕ್ಕೆ ಬಂದಳು. ವಾರ್ಡಿನ ಕಾರ್ಡುಗಳನ್ನೆಲ್ಲ ಬರೆಯುತ್ತಿದ್ದವಳು ನಾನೇ.

ಅತ್ತೆಗೆ ಶರಣು, ಕೂಸು ಹೇಗಿದೆ, ಇಷ್ಟು ಬರೆಸಿದಳು. ಆಮೇಲೆ, "ಸೂಜಿ ಹೆಚ್ಚಿತು ಅಂತ ಬರೀರಿ. ಅಷ್ಟೇಯ."

ಬಂದು ಕರೆದುಕೊಂಡು ಹೋಗಿ ಎಂದು ಬರೆಯಬೇಡವೇ ಎಂದೆ. ಅವಳು ನಾಚಿಕೊಂಡಳು. ಬಾಯಿಬಿಟ್ಟು ಹಾಗೆಲ್ಲ ಗಂಡನನ್ನು ಕೇಳುವುದೇ, ಸೂಜಿ ಹೆಚ್ಚಿತು ಅಂದರೆ ಅವರಿಗೇ ತಿಳಿಯುತ್ತದೆ, ಭಾನುವಾರ ಓಡಿಬರುತ್ತಾರೆ ಎಂದಳು.

ಹೆಚ್ಚಿತು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಸೂಜಿಯೂ ಅದೇ ವಾರ ಹೆಚ್ಚಾಗಿತ್ತು, ಪುಸ್ತಕದ ಕನ್ನಡದಲ್ಲಿ. ಅವಳದು ಹೆಚ್ಚಿತು, ನನ್ನದು ಹೆಚ್ಚಾಯಿತು. ಒಂದೇ ಪದ ಅವಳನ್ನು ಮನೆಗೆ ಕಳಿಸುತ್ತಿತ್ತು, ನನ್ನನ್ನು ಮಂಚಕ್ಕೆ ಕಟ್ಟುತ್ತಿತ್ತು. ನಾನು ಬರೆದೆ: "ಸೂಜಿ ಹೆಚ್ಚಾಗಿದೆ."

ಅವಳ ಕನ್ನಡವನ್ನು ತಿದ್ದಿದೆನಷ್ಟೇ ಎಂದು ಆಗ ಹೇಳಿಕೊಂಡೆ. ಮಕ್ಕಳ ಪುಸ್ತಕದಲ್ಲಿ ದಿನವೂ ಎಷ್ಟು ತಿದ್ದುವುದಿಲ್ಲ? ಓದಿ ಹೇಳಿ ಎಂದಳು. ಓದಿದೆ. ಓದುವಾಗ ಹೆಚ್ಚಿತು ಎಂದೇ ಓದಿದೆ. ತಿದ್ದಿದ್ದಷ್ಟೇ ಆಗಿದ್ದರೆ ಬರೆದಂತೆಯೇ ಓದುತ್ತಿದ್ದೆ.

ಭಾನುವಾರ ಸಣ್ಣಮ್ಮ ಬೆಳಿಗ್ಗೆಯೇ ತಲೆ ಬಾಚಿ, ಬಂದ ದಿನ ಉಟ್ಟಿದ್ದ ಹಸಿರು ಸೀರೆ ಉಟ್ಟು, ಗಂಟು ಕಟ್ಟಿ ಜಗುಲಿಯಲ್ಲಿ ಕೂತಳು. ಸಂಜೆಯವರೆಗೂ ಕೂತಳು. ಮಡಿಕೇರಿ ಕಡೆಯಿಂದ ಬರುವ ಬಸ್ಸು ತಡವಾಗಿರಬೇಕು ಎಂದಳು. ನನಗೆ ಒಳಗೊಳಗೆ ತಣ್ಣಗಾಯಿತು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಅವತ್ತು ನನ್ನ ಮೊಟ್ಟೆಯನ್ನು ಅವಳಿಗೆ ಬಿಡದೆ ನಾನೇ ತಿಂದೆ.

ಎರಡನೆಯ ಭಾನುವಾರವೂ ಅವಳು ಹಸಿರು ಸೀರೆ ಉಟ್ಟಳು, ಯಾರೂ ಬರಲಿಲ್ಲ. ಆಮೇಲೆ ಅವಳ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಕಾಯಿಲೆ ಬಂದ ಹೆಂಡತಿಯನ್ನು ಆಸ್ಪತ್ರೆಗೆ ಬಿಟ್ಟು ತಿರುಗಿ ನೋಡದ ಗಂಡಂದಿರ ಕತೆ ನಮ್ಮ ವಾರ್ಡಿನಲ್ಲಿ ಎರಡು ಮಂಚಕ್ಕೆ ಒಂದರಂತೆ ಇತ್ತು. ಯಾರೂ ಅವಳೆದುರು ಆ ಕತೆ ಎತ್ತಲಿಲ್ಲ. ಎತ್ತದಿದ್ದದ್ದೇ ಅವಳಿಗೆ ಹೆಚ್ಚು ಕೇಳಿಸಿರಬೇಕು. ಶನಿವಾರದ ತೂಕ ಇಳಿದಿತ್ತು. ಇಷ್ಟು ದಿನ ಯಾವ ಇಳಿತಕ್ಕಾಗಿ ಆ ಚೀಟಿಯನ್ನು ಕದ್ದು ನೋಡುತ್ತಿದ್ದೆನೋ ಅದು ಕಣ್ಣೆದುರಿಗೇ ಇತ್ತು. ಬಗ್ಗಿದ ಬೆನ್ನು ನೆಟ್ಟಗೆ ಮಾಡಲು ಹೊತ್ತು ಹಿಡಿಯಿತು.

ಇನ್ನೊಂದು ಕಾರ್ಡು ಬರೆಯಲೇ ಎಂದು ಕೇಳಿದೆ. ಸಂಜೆಯ ಹೊತ್ತು. ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು.

"ಬ್ಯಾಡಿ, ಟೀಚರಮ್ಮ. ಒಂದ್ಕಿತ ಕಾರ್ಡಾಕಿದ್ಮೇಲೂ ಬರ್ನಿಲ್ಲ ಅಂದ್ರೆ ಮನ್ಸಿಲ್ಲ ಅಂತ. ನಂಗಿನ್ನು ಯಾರೂ ಇಲ್ಲ."

ಒಂದೇ ಉಸಿರಿನಲ್ಲಿ ಎಷ್ಟು ಇಲ್ಲ ಬಂದವು ಎಂದು ನಾನು ಎಣಿಸಿದೆ. ಟೀಚರಿನ ಅಭ್ಯಾಸ. ಅಸ್ತು ದೇವತೆಗಳನ್ನು ನಂಬದ ನಾನು ಸೂರಿನ ಕಡೆ ನೋಡಿ, ಕೇಳಿಸಿಕೊಳ್ಳಬೇಡಿ ಎಂದು ಬೇಡಿಕೊಂಡೆ.

ಮಾರನೆಯ ವಾರ ನನ್ನ ಡಬ್ಬಿಯ ಫಲಿತಾಂಶ ಬಂತು. ಇಲ್ಲ. ನಾಲ್ಕು ತಿಂಗಳು ಕಿಟಕಿಯ ಗಾಜಿಗೆ ಹೇಳಿದ್ದ ಮೊದಲ ಸಾಲು ನಿಜವಾಗಿತ್ತು. ಸಿಸ್ಟರ್ ನನ್ನ ಕೆನ್ನೆ ಚಿವುಟಿದರು. ಪಕ್ಕದ ಮಂಚದಿಂದ ಸಣ್ಣಮ್ಮ ಕೈ ಚಾಚಿ ನನ್ನ ಕೈ ಮುಟ್ಟಿ, ಒಳ್ಳೇದಾಯ್ತು ಅಂದಳು. ಅವಳ ಕಣ್ಣಿನಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಭಾನುವಾರ ಅಪ್ಪ ಬರುವ ಸರದಿ. ಬೇಲಿಯ ಹತ್ತಿರ ಕೂತು, ಅವ್ವ ರಾಗಿ ಹುರಿದು ಬೀಸಿ ಕಟ್ಟಿಕೊಟ್ಟ ಹುರಿಟ್ಟಿನ ಗಂಟು ಬಿಚ್ಚುತ್ತಿದ್ದ. ಕಫ ಶುದ್ಧವಾಯಿತು ಎಂದು ಹೇಳಿದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ಸಂತೋಷ ತಣ್ಣಗಾಗುವ ಮೊದಲೇ ಹೇಳಿಬಿಡಬೇಕು ಎಂದು ಸಣ್ಣಮ್ಮನ ವಿಷಯ ತೆಗೆದೆ. ರಾವಂದೂರಿಗೆ ಹೋಗಿ ಅವಳ ಗಂಡನಿಗೆ ಬಾಯಿಮಾತಿನಲ್ಲಿ ಹೇಳಬೇಕು, ಕಾರ್ಡಿನಲ್ಲಿ ತಪ್ಪಾಗಿದೆ ಅಂದೆ. ಏನು ತಪ್ಪು ಎಂದು ಕೇಳಿದ. ಸೂಜಿ ಹೆಚ್ಚಿತು ಅಂತ ಬರೆಸಿದಳು, ನಾನು ಸೂಜಿ ಹೆಚ್ಚಾಗಿದೆ ಅಂತ ಬರೆದೆ ಅಂದೆ.

ಅಪ್ಪ ಹುರಿಟ್ಟಿನ ಗಂಟನ್ನು ಮತ್ತೆ ಕಟ್ಟಿದ.

"ಹೆಚ್ಚಿತು ಅಂದ್ರೇನು ಅಂತ ನಮ್ಮಟ್ಟಿ ಕೂಸ್ಗೂ ಗೊತ್ತು ಕಣ್ ಮಗ. ಓದಿ ಮರ್ತೋಯ್ತಾ?"

ಹೌದು ಅಂದುಬಿಡಬಹುದಿತ್ತು. ಅಷ್ಟು ದೊಡ್ಡ ಓದು, ಒಂದು ಪದ ಮರೆತರೆ ಯಾರು ಕೇಳುತ್ತಾರೆ? ಅಪ್ಪನಿಗೂ ಆ ಉತ್ತರವೇ ಬೇಕಿತ್ತು ಎಂದು ಮುಖದಲ್ಲಿ ಕಾಣುತ್ತಿತ್ತು.

"ಮರೆತಿರಲಿಲ್ಲ ಅಪ್ಪ" ಅಂದೆ.

ಅವನು ನನ್ನ ಮುಖ ನೋಡಲಿಲ್ಲ. ಬ್ಯಾರನ್ನಿನ ಬಾಯಲ್ಲಿ ಬೆಂಕಿ ನೋಡುವವನ ಹಾಗೆ ನೆಲ ನೋಡುತ್ತಲೇ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡ. ಊರಿನ ಹೆಸರು ಇನ್ನೊಂದು ಸಲ ಹೇಳು ಅಂದ. ಹೇಳಿದೆ. ಹುರಿಟ್ಟಿನ ಗಂಟನ್ನು ನನಗೆ ಕೊಡದೆ ಜಗುಲಿಯಲ್ಲಿದ್ದ ಸಣ್ಣಮ್ಮನ ಕೈಗೆ ಕೊಟ್ಟು, ತಿನ್ನವ್ವ ಅಂದು ಬಸ್ಸಿಗೆ ಹೋದ. ಆ ಗಂಟಿಗಾಗಿಯೂ ನನ್ನ ಹೊಟ್ಟೆ ಉರಿಯಿತು. ಅವ್ವ ಕಟ್ಟಿದ್ದು ನನಗಾಗಿ.

ಮಂಗಳವಾರ ಕರಿಯಯ್ಯ ಬಂದ. ಜೊತೆಗೆ ಕೂಸು. ಮಕ್ಕಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಬೇಲಿಯಾಚೆ ಎತ್ತಿ ಹಿಡಿದು ನಿಂತಿದ್ದ. ಸಣ್ಣಮ್ಮ ಮಂಚದಿಂದ ಎದ್ದು ಓಡಿದ್ದನ್ನು ನೋಡಿ ಸಿಸ್ಟರ್ ಕೂಗಿಕೊಂಡರು, ಶ್ವಾಸ ಶ್ವಾಸ ಎಂದು. ಕೂಸು ಮೊದಲು ಅಪ್ಪನ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡಿತು. ಆಮೇಲೆ ಒಂದು ಕಣ್ಣು ತೆಗೆದು ನೋಡಿತು.

ಅವನು ಬಾರದೆ ಇದ್ದದ್ದು ಅವಳನ್ನು ಕೈಬಿಟ್ಟಿದ್ದರಿಂದಲ್ಲ. ಅವರೂರಿಗೆ ಹೊಸದಾಗಿ ಬಂದಿದ್ದ ಬೇರೆ ಸೀಮೆಯ ಮೇಷ್ಟ್ರು ಕಾರ್ಡನ್ನು ಓದಿ, ನಿನ್ನ ಹೆಂಡತಿಗೆ ಇಂಜೆಕ್ಷನ್ ಜಾಸ್ತಿ ಮಾಡಿದ್ದಾರೆ ಎಂದು ಬಿಡಿಸಿ ಹೇಳಿದ್ದರು. ಇನ್ನೂ ಮೂರು ತಿಂಗಳು ಎಂದು ಇವನು ಎಣಿಸಿದ. ಸೊಪ್ಪು ಬೇಯುವ ಕಾಲ, ಬ್ಯಾರನ್ನು ಬಿಟ್ಟು ಬರುವಂತಿರಲಿಲ್ಲ. ಕೂಸನ್ನು ಎಚ್.ಡಿ. ಕೋಟೆ ಕಡೆಯ ಅಕ್ಕನ ಮನೆಗೆ ಕಳಿಸಲು ಮನೆಯಲ್ಲಿ ಮಾತಾಗಿತ್ತಂತೆ. ನಮ್ಮಪ್ಪ ಹೋಗುವುದು ಎರಡು ದಿನ ತಡವಾಗಿದ್ದರೆ ಕಳಿಸಿಬಿಡುತ್ತಿದ್ದರಂತೆ.

ತಪ್ಪು ಯಾರದೆಂದು ನಮ್ಮಪ್ಪ ಹೇಳಿರಲಿಲ್ಲ. ಮೇಷ್ಟ್ರು ಸುಳ್ಳು ಓದಿದರು ಎಂದು ಅವನಿಗೆ ಸಿಟ್ಟಿತ್ತು. ಅಂಗಿಯ ಜೇಬಿನಿಂದ ಆ ಕಾರ್ಡು ತೆಗೆದು, ಸಣ್ಣಮ್ಮನ ಹಿಂದೆಯೇ ಬಂದಿದ್ದ ನನ್ನ ಕೈಗಿಟ್ಟು, ನೀವೇ ಬರೆದಿದ್ದಂತಲ್ಲ, ಓದಿ ಟೀಚರಮ್ಮ, ಇವಳ ಮುಂದೆ ಓದಿ, ಆ ಮೇಷ್ಟ್ರನ್ನು ಹೋಗಿ ಕೇಳುತ್ತೇನೆ ಅಂದ. ಸೌದೆ ಹಿಡಿದ ಕೈಯ ಮಸಿ ಕಾರ್ಡಿನ ಮೂಲೆಗೆ ಹತ್ತಿತ್ತು. ನಮ್ಮಪ್ಪನ ಬೆರಳಿನದೂ ಅದೇ ಮಸಿ.

ನನ್ನ ಗುಂಡಗಿನ ಅಕ್ಷರ. ಹೋದ ಸಲದ ಹಾಗೆ ಬೇರೆ ಓದಬಹುದಿತ್ತು. ಬರೆದಂತೆ ಓದಿದೆ. ಸೂಜಿ ಹೆಚ್ಚಾಗಿದೆ.

"ನಾನ್ ಅಂಗಂದಿರ್ನಿಲ್ಲ" ಅಂದಳು ಸಣ್ಣಮ್ಮ, ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಅವಳ ಮಾತಿನಲ್ಲೇ ಹೇಳಿದೆ. ಎಷ್ಟೋ ವರ್ಷದ ಮೇಲೆ ಆ ಮಾತು ನನ್ನ ಬಾಯಿಗೆ ಬಂತು.

"ನೀನಂದಿರ್ನಿಲ್ಲ ಕಣ್ ಸಣ್ಣಮ್ಮ. ನಾನೇ ಬದ್ಲಾಯ್ಸ್ದೆ. ಬೇಕಂತ್ಲೇ. ನೀನು ನಂಗಿಂತ ಮುಂಚೆ ಒಂಟೋಯ್ತೀಯಲ್ಲ ಅಂತ."

ಕರಿಯಯ್ಯ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದ. ಸಣ್ಣಮ್ಮ ಬೈಯುತ್ತಾಳೆ ಎಂದು ಕಾದೆ. ಅವಳ ಬೈಗುಳಗಳನ್ನೆಲ್ಲ ಬಲ್ಲವಳು ನಾನು, ಯಾವುದಾದರೂ ಸರಿ, ತಲೆ ಕೊಡಲು ನಿಂತಿದ್ದೆ. ಅವಳು ಒಂದನ್ನೂ ಖರ್ಚು ಮಾಡಲಿಲ್ಲ. ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಓದಲು ಬಾರದ ಆ ಸಾಲಿನ ಮೇಲೆ ಬೆರಳಾಡಿಸಿ, ತನ್ನ ಗಂಟಿನೊಳಗೆ ಇಟ್ಟುಕೊಂಡಳು. ಒಳಗೆ ಹೋಗಿ ಹಸಿರು ಸೀರೆ ಉಟ್ಟು ಬಂದಳು. ಪ್ರತಿ ಮಂಚದ ಹತ್ತಿರ ನಿಂತಳು. ಮುದುಕಿಗೆ ಬತ್ತೀನಜ್ಜಿ ಅಂದಳು. ಸಿಸ್ಟರಿಗೆ ಬತ್ತೀನಿ ಸಿಸ್ಟ್ರೇ ಅಂದಳು. ಮತ್ತೆ ಇಲ್ಲಿಗೆ ಬರಬೇಡ ಮಾರಾಯ್ತಿ ಎಂದು ಸಿಸ್ಟರ್ ನಕ್ಕರು. ಕೊನೆಗೆ ನನ್ನ ಮಂಚ.

"ಓಯ್ತೀನಿ, ಟೀಚರಮ್ಮ" ಅಂದಳು.

ಆಸ್ಪತ್ರೆಗೆ ತಕ್ಕ ಮಾತು ಅದೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅದು ಆಗಲಿಲ್ಲ. ಉಳಿದವರಿಗೆಲ್ಲ ಬತ್ತೀನಿ ಅಂದಿದ್ದಳು.

ಅವತ್ತು ಸಂಜೆ ಕಿಟಕಿಯ ಗಾಜಿನೆದುರು ನಿಂತು ನಾಲ್ಕೂ ಸಾಲುಗಳ ಮೇಲೆ ಗೀಟು ಎಳೆದೆ. ನೋಟ್‌ಬುಕ್ಕಿನಲ್ಲಿ ಹೊಸದಾಗಿ ಬರೆದೆ. ಇಲ್ಲ ಎಂಬುದು ಬಾರದ ಹಾಗೆ ಬರೆಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಒಂದು ಪುಟ ಹೊಡೆದು ಹಾಕಿದ ಮೇಲೆ ಉಳಿದದ್ದು ಎರಡು ಸಾಲು. ಎದೆ ಚೊಕ್ಕಟಾಗಿದೆ. ಹೊಟ್ಟೆಯಲ್ಲಿ ಕಿಚ್ಚಿದೆ. ಎರಡನೆಯದು ಒಳ್ಳೆಯ ಮಾತಲ್ಲ, ಆ ಪುಸ್ತಕದವರು ಒಪ್ಪುವುದಿಲ್ಲ. ಆದರೆ ಅದನ್ನು ಹೇಳಿದ ದಿನದಿಂದ ಊಟ ಸೇರತೊಡಗಿತು. ನನಗೆ ಮೈ ಹತ್ತಿದ್ದು ಸೂಜಿಯಿಂದ, ಸಂದೇಹವಿಲ್ಲ. ನಿದ್ದೆ ಹತ್ತಿದ್ದು ಆ ಸಾಲಿನಿಂದ. ಒಳ್ಳೆಯ ಮಾತು ಹೇಳಿಕೊಳ್ಳಿ ಎಂದು ಯಾರಾದರೂ ನಿಮಗೂ ಹೇಳಿದರೆ ಹೇಳಿಕೊಳ್ಳಿ, ಬೇಡ ಅನ್ನುವುದಿಲ್ಲ. ಇರುವುದನ್ನೂ ಜೊತೆಗೆ ಹೇಳಿಕೊಳ್ಳಿ.

ಆರು ವಾರದ ಮೇಲೆ ಅಪ್ಪನೇ ಬಂದು ನನ್ನನ್ನು ಕರೆದುಕೊಂಡು ಹೋದ. ದಾರಿಯಲ್ಲಿ ಕಾರ್ಡಿನ ವಿಷಯ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಒಂದು ವ್ಯತ್ಯಾಸ ಮಾತ್ರ ನಾನು ಗಮನಿಸಿದೆ. ನನ್ನ ಹೆಸರಿನ ಮುಂದೆ ಬಿ.ಎ. ಸೇರಿಸುವುದನ್ನು ಬಹಳ ದಿನ ಬಿಟ್ಟಿದ್ದ. ಶಾಲೆಯಲ್ಲಿ ನನ್ನ ಕುರ್ಚಿ ಸಿಕ್ಕಿತು. ಮಾತ್ರೆ ನುಂಗುತ್ತಾ ಪಾಠ ಮಾಡಿದೆ.

ಒಂದು ವರ್ಷ ದಾಟಿ ಕೆಲವು ತಿಂಗಳಾಗಿದ್ದವು. ಶಾಲೆಯ ವಿಳಾಸಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಯಾರದೋ ಎಳೆಯ ಕೈಬರಹ, ಸಾಲು ಮೇಲಕ್ಕೆ ಕೆಳಕ್ಕೆ ಓಡಿತ್ತು. ಕ್ಷೇಮ ಕೇಳಿರಲಿಲ್ಲ, ಶರಣು ಹೇಳಿರಲಿಲ್ಲ. ಮೇಲೆ ರಾವಂದೂರಿನ ಹತ್ತಿರದ ಆ ಊರಿನ ಹೆಸರು. ಕೆಳಗೆ ಒಂದೇ ಸಾಲು, "ಮಾತ್ರೆ ಹೆಚ್ಚಿತು." ಅದರ ಕೆಳಗೆ ಸಣ್ಣಮ್ಮ ಎಂದು ಬೇರೆ ಕೈಯಲ್ಲಿ, ಈಗಷ್ಟೇ ಕಲಿತವರ ಅಕ್ಷರದಲ್ಲಿ.

ಅವಳ ಮಾತ್ರೆ ಮುಗಿದಿತ್ತು. ನನ್ನದು ಇನ್ನೂ ಎರಡು ತಿಂಗಳಿತ್ತು. ಆಗಲೂ ಅವಳೇ ಮೊದಲು. ಸುಳ್ಳೇಕೆ ಹೇಳಲಿ, ಕಾರ್ಡು ಓದಿದ ಕ್ಷಣ ಹಳೆಯ ಜಾಗದಲ್ಲೇ ಉರಿಯಿತು. ಆಮೇಲೆ ಟೀಚರ್ಸ್ ರೂಮಿನಲ್ಲಿ ಒಬ್ಬಳೇ ಕೂತು, ಎದೆಯಲ್ಲಿ ಒಂದೂ ಕೆಮ್ಮು ಇಲ್ಲದೆ, ಬಹಳ ಹೊತ್ತು ಅತ್ತೆ.

ಸಂಜೆ ಉತ್ತರ ಬರೆದೆ. ಅವರೂರಿನಲ್ಲಿ ಯಾರು ಓದಿ ಹೇಳುತ್ತಾರೋ ಗೊತ್ತಿರಲಿಲ್ಲ. ಆ ಮೇಷ್ಟ್ರೇ ಓದಿದರೂ ಓದಲಿ ಎಂದು ಒಂದೇ ಸಾಲು ಬರೆದೆ. "ಸಣ್ಣಮ್ಮ, ನನ್ನ ಹೊಟ್ಟೆಕಿಚ್ಚೂ ಹೆಚ್ಚಿತು."

ಯಾವ ಕನ್ನಡದಲ್ಲಿ, ತನ್ನದರಲ್ಲೋ ಪುಸ್ತಕದ್ದರಲ್ಲೋ ಎಂದು ಅವಳು ಕೇಳಿ ಬರೆಸಲಿಲ್ಲ. ಕೇಳಿದ್ದರೆ ಎರಡರಲ್ಲೂ ಅನ್ನುತ್ತಿದ್ದೆ.